ಹಮೀದಾಕ ಹೇಳಿಕೆಗೆ ಹೊರಟದ್ದು

ಹೊಸದಾಗಿ ಕಡಿದ ಕೆಂಪುಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆಯೆಂದರೆ ಸಾಹುಲ್ ಹಮೀದನಿಗೆ ಬಹಳ ಇಷ್ಟ. ಅವನ ತಂದೆ ಕಲ್ಲು ಕಡಿಯುವವರು. ಅವರು ಸಂಜೆ ಬಂದು ಕೈಕಾಲು ತೊಳೆದರೆ ಅಂಗಳವಿಡೀ ಆ ವಾಸನೆ ತುಂಬುತ್ತಿತ್ತು. ಆದರೆ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಬುಧವಾರ ಬೆಳಿಗ್ಗೆ, ಅದೇ ವಾಸನೆ ಚಹಾದ ಲೋಟದಿಂದ ಬಂದಾಗ ಅವನಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

“ಇದೆಂತ ನಶೀದಾ, ಚಹಾವಾ, ಗೋಡೆಗೆ ಹೊಡೆಯುವ ಪೈಂಟಾ?”

“ಬಾವಿಯಲ್ಲಿ ಎಂತ ಉಂಟೋ ಅದನ್ನೇ ಕುದಿಸಿದ್ದು,” ಎಂದಳು ಹೆಂಡತಿ. “ಗುಡ್ಡೆಯಲ್ಲಿ ಆ ಕಂಟ್ರಾಕ್ಟರ್ ಬಾವನ ಕಲ್ಲು ಕೊಯ್ಯುವ ಮಿಷನ್ ಶುರುವಾದ ಮೇಲೆ ನೀರು ಹೀಗೇ. ಕುಡಿಯದಿದ್ದರೆ ಇಡಿ, ಅಡಿಗೆಕೋಣೆಯ ಗೋಡೆಗೆ ಹೊಡೆಯುವ. ಓ, ಗೋಡೆಯೇ ಇಲ್ಲ ಅಲ್ವಾ!”

ಗೋಡೆ ಇತ್ತು, ಸೊಂಟದವರೆಗೆ. ಮೂರು ವರ್ಷದಿಂದ ಅದು ಸೊಂಟದಲ್ಲೇ ನಿಂತಿತ್ತು. ನಶೀದಾ ಅದರ ಮೇಲೆ ತಗಡು ಹೊದೆಸಿ, ಗಾಳಿ ಬಂದ ಕಡೆಗೆ ಬೆನ್ನು ಕೊಟ್ಟು ಅಡಿಗೆ ಮಾಡುತ್ತಿದ್ದಳು. ಬರುವ ಸೋಮವಾರ ಸ್ವಂತ ಹಿತ್ತಿಲಿನಲ್ಲೇ ಇನ್ನೂರು ಕಲ್ಲು ಕಡಿಸಿ ಗೋಡೆ ಏರಿಸುವುದೆಂದು ಹಮೀದ್ ಮಾತು ಕೊಟ್ಟಿದ್ದ.

ಈಗ ಬಾವಿಯ ನೀರಿನ ದೂರು ಹೇಳಲು ಅವನು ಸ್ಕೂಟರ್ ಹತ್ತಿ ಪಂಚಾಯತಿಗೆ ಹೋದ. ಆಲೆಟ್ಟಿಯಿಂದ ಆಚೆಗಿನ ಆ ಸಣ್ಣ ಊರಿನ ಪಂಚಾಯತಿ ಬಾಗಿಲು ಎಂಟು ಗಂಟೆಗೆ ಇನ್ನೂ ತೆರೆದಿರಲಿಲ್ಲ. ಮುಚ್ಚಿದ ಬಾಗಿಲಿನ ಹೊರಮೈಯಲ್ಲಿ ಒಂದು ನೋಟೀಸು. ಬಾಗಿಲು ತೆರೆದಾಗ ಅದು ಗೋಡೆಗೆ ಮುಖ ಮಾಡಿ ನಿಲ್ಲುವುದರಿಂದ, ಒಂದು ತಿಂಗಳಿನಲ್ಲಿ ಅದನ್ನು ಓದಿದ್ದು ಗೋಡೆ ಮಾತ್ರ.

ಗಣಿ ನಿಯಮಗಳು ಬದಲಾಗಲಿವೆ, ಕೆಂಪುಕಲ್ಲು ತೆಗೆಯಲು ಅನುಮತಿ ಕೊಡುವ ಮೊದಲು ಊರಿನವರನ್ನು ಕೇಳಬೇಕೇ ಬೇಡವೇ ಎಂದು ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು. ಸ್ಥಳ ಸಮುದಾಯ ಭವನ, ಬುಧವಾರ ಹನ್ನೊಂದು ಗಂಟೆ. ಹನ್ನೆರಡರೊಳಗೆ ನೂರು ಮಂದಿ ಸಹಿ ಹಾಕದಿದ್ದರೆ ಊರಿಗೆ ಹೇಳುವಂಥದ್ದು ಏನೂ ಇಲ್ಲವೆಂದು ಬರೆದುಕೊಳ್ಳಲಾಗುವುದು.

ಬುಧವಾರ ಎಂದರೆ ಇವತ್ತು.

ಆ ಊರಿನಲ್ಲಿ ನೋಟೀಸು ನೋಡಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮೊಬೈಲಿಗೆ ಮೆಸೇಜು ಹಾಕಿದರೆ ಕೈಮುಗಿದ ಚಿತ್ರ ಬರುತ್ತದೆ, ಮನುಷ್ಯ ಬರುವುದಿಲ್ಲ. ಮನೆಗೆ ಹೋಗಿ, ಜಗಲಿ ಹತ್ತಿ, ಬಾಯಿಬಿಟ್ಟು “ಬರಬೇಕು” ಎಂದು ಕರೆದರೆ ಮಾತ್ರ ಅದು ಹೇಳಿಕೆ, ಅಂದರೆ ಆಮಂತ್ರಣ. ಹಮೀದ್ ಸ್ಕೂಟರ್ ತಿರುಗಿಸಿದ.

ಮೊದಲನೆಯ ಮನೆ ಗೋದಾವರಿಯಮ್ಮನದು. ಕರಡು ತಿದ್ದುಪಡಿ, ಪರವಾನಗಿ, ಆಕ್ಷೇಪಣೆ ಎಂದು ಅವನು ಇಪ್ಪತ್ತು ನಿಮಿಷ ವಿವರಿಸಿದ. ಗೋದಾವರಿಯಮ್ಮ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದರು. ಎರಡನೆಯ ಮನೆಯಲ್ಲಿ ನಾಯಿಯೂ ಆಕಳಿಸಿತು. ಹೀಗಾದರೆ ಹನ್ನೊಂದಕ್ಕೆ ಆರು ಮನೆಯೂ ಮುಗಿಯಲಿಕ್ಕಿಲ್ಲವೆಂದು ಮೂರನೆಯ ಮನೆಯಿಂದ ಅವನು ವಿವರಣೆ ಬಿಟ್ಟ.

“ಹನ್ನೊಂದಕ್ಕೆ ಸಮುದಾಯ ಭವನಕ್ಕೆ ಬರ್ಬೇಕು. ಮನೆಯವರೆಲ್ಲ ಬರ್ಬೇಕು. ತಪ್ಪಿಸ್ಬಾರ್ದು.”

“ಎಂತ ವಿಶೇಷ ಹಮೀದಾಕ?”

“ಅದು ಅಲ್ಲಿ ಹೇಳ್ತೇನೆ ಮಾರಾಯ್ರೆ, ಈಗ ನಿಲ್ಲಲಿಕ್ಕೆ ಟೈಮಿಲ್ಲ!”

ಚಹಾ ಕೊಟ್ಟವರಿಗೆಲ್ಲ ಬೇಡ ಎಂದ. ಹೀಗೆ ನಲವತ್ತು ಮನೆ ಆಗುವಾಗ ಗುಡ್ಡೆಯ ಮಿಷನಿನ ಧಣಿ ಬಾವನ ಗೇಟು ಎದುರಾಯಿತು; ಬಾವ ಎಂಬುದು ಅವನ ಹೆಸರೇ, ನೆಂಟಸ್ತಿಕೆಯಲ್ಲ. ಹಮೀದ್ ಬ್ರೇಕ್ ಹಿಡಿದ. ಆದರೆ ಹೇಳಿಕೆಗೆ ಹೊರಟವನು ದಾರಿಯಲ್ಲಿ ಒಂದು ಮನೆ ಬಿಟ್ಟರೆ ಮೂರು ತಲೆಮಾರು ಮಾತಿಲ್ಲ, ಅದು ಗಣಿ ಕಾನೂನಿಗಿಂತ ಹಳೆಯ ಕಾನೂನು. ಅವನು ಜಗಲಿ ಹತ್ತಿದ. ಬಾವ ಒಳಗೆ ಸ್ನಾನ ಮಾಡುತ್ತಿದ್ದ. ತಾಯಿ ಆಯಿಶಮ್ಮ ಅಕ್ಕಿ ಆರಿಸುತ್ತಿದ್ದರು. ಹಮೀದ್ ಅವರಿಗೂ ಅದೇ ಮಾತು ಹೇಳಿ ಓಡಿದ. ಆಯಿಶಮ್ಮ ಅವನ ಒಣಗಿದ ತುಟಿಯನ್ನೊಮ್ಮೆ ನೋಡಿ ಮೊರ ಬದಿಗಿಟ್ಟರು.

ಹತ್ತೂಮುಕ್ಕಾಲಿಗೆ ಮಗಳು ಹನಾನ್ ಪುತ್ತೂರಿನ ಕಾಲೇಜಿನಿಂದ ಫೋನ್ ಮಾಡಿದಳು.

“ಉಪ್ಪ, ನನಗೆ ಇವತ್ತು ನಿಶ್ಚಯ ಅಂತೆ? ಹುಡುಗ ಯಾರು? ನಾನೂ ಬರ್ಬೇಕಾ, ಅಥವಾ ಕ್ಲಾಸು ಮುಗಿಸಿ ಬಂದ್ರೆ ಸಾಕಾ?”

ಹಮೀದ್ ಸಮುದಾಯ ಭವನದ ಮೆಟ್ಟಿಲಲ್ಲೇ ಕುಳಿತ. ಮದುವೆಗಳೂ ಅಲ್ಲೇ ಆಗುವುದೆಂದು ಅವನಿಗೆ ಈಗ ನೆನಪಾಯಿತು. ಮಗಳಿರುವ ಮನುಷ್ಯ ಉಸಿರು ಬಿಡದೆ ಮನೆಮನೆಗೆ ಬಂದು “ಭವನಕ್ಕೆ ಬರ್ಬೇಕು, ವಿಶೇಷ ಅಲ್ಲಿ ಹೇಳ್ತೇನೆ” ಎಂದರೆ ಊರು ಬೇರೆ ಏನು ತಿಳಿಯಬೇಕು? ಗೋದಾವರಿಯಮ್ಮ ಪಟ್ಟೆ ಸೀರೆ ಉಟ್ಟು, ನಡುವಿಗೆ ಒಂದು ಗೋಡೆ ಗಡಿಯಾರ ಅವುಚಿಕೊಂಡು ಬರುತ್ತಿದ್ದರು. ಹಿಂದಿನಿಂದ ಒಂದು ಡಿನ್ನರ್ ಸೆಟ್ಟು ಬಂತು, ಅದರ ಹಿಂದೆ ಎರಡು ಪ್ರೆಷರ್ ಕುಕ್ಕರು. ಅತ್ತರಿನ ಪರಿಮಳಕ್ಕೆ ನೊಣಗಳೂ ದಾರಿ ತಪ್ಪಿದವು.

ಪುತ್ತೂರಿನಿಂದ ಬಂದ ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇಷ್ಟು ವರ್ಷದ ಸರ್ವಿಸಿನಲ್ಲಿ, ಕಾನೂನು ತಿದ್ದುಪಡಿಗೆ ಜರಿ ಸೀರೆ ಉಟ್ಟು ಬಂದ ಊರು ನಾನು ನೋಡಿಲ್ಲ,” ಎಂದರು ಗದ್ಗದಿತರಾಗಿ.

ಹಮೀದ್ ಮೈಕು ಹಿಡಿದು ನಿಜ ಹೇಳಿದ.

“ಹಾಗಾದ್ರೆ ಊಟ ಇಲ್ವಾ?” ಹಿಂದಿನ ಸಾಲಿನಿಂದ ಮೊದಲ ಪ್ರಶ್ನೆ.

“ನಾನು ಪಟ್ಟೆ ಸೀರೆ ಉಟ್ಟದ್ದು ಗಣಿ ಇಲಾಖೆಗಾ?” ಎಂದರು ಗೋದಾವರಿಯಮ್ಮ. ಮತ್ತೆ ಅವರೇ ಗಡಿಯಾರವನ್ನು ಪಕ್ಕದವರ ಮಡಿಲಿಗಿಟ್ಟು ಎದ್ದರು. “ಇರ್ಲಿ, ಉಟ್ಟದ್ದು ಉಟ್ಟಾಯ್ತು. ನಮ್ಮ ಬಾವಿಯಲ್ಲೂ ಅದೇ ಬಣ್ಣ. ಎಲ್ಲಿ ಸೈನು, ಕೊಡಿ.”

ಗೋದಾವರಿಯಮ್ಮ ಎದ್ದ ಮೇಲೆ ಕುಳಿತಿರಲು ಯಾರಿಗೂ ಧೈರ್ಯವಿರಲಿಲ್ಲ. ಸಹಿಯ ಪುಸ್ತಕ ಸಾಲುಸಾಲು ದಾಟಿತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಧಿಕಾರಿಣಿ ಎಣಿಸಿದರು. ತೊಂಬತ್ತೆಂಟು.

“ಇನ್ನಿಬ್ಬರು ಬೇಕು. ನಿಯಮ ನಿಯಮವೇ.”

ಹಮೀದ್ ಬಾಗಿಲಿಗೆ ಓಡಿದ. ರಸ್ತೆಯಲ್ಲಿ ಒಂದು ದನವಿತ್ತು. ಅಷ್ಟರಲ್ಲಿ ಬಾವನ ಕಾರು ಬಂದು ನಿಂತಿತು. ಆಯಿಶಮ್ಮ ಮುಂದೆ, ಮಗ ಹಿಂದೆ.

“ನಾನು ಬರುದಿಲ್ಲ ಹೇಳಿದೆ ಉಮ್ಮ! ಇದು ಮದುವೆಯೂ ಅಲ್ಲ, ನಿಶ್ಚಯವೂ ಅಲ್ಲ. ನನಗೆ ಮೊದಲೇ ಗೊತ್ತುಂಟು.”

“ನಿನಗೆ ಗೊತ್ತಿದ್ದದ್ದನ್ನು ಊರಿಗೆ ಯಾಕೆ ಹೇಳ್ಲಿಲ್ಲ?” ಎಂದರು ಆಯಿಶಮ್ಮ ಮೆಲ್ಲಗೆ. ಪುಸ್ತಕ ತೆಗೆದುಕೊಂಡು ತಮ್ಮ ಹೆಸರು ಬರೆದು ಮಗನ ಮುಂದೆ ಹಿಡಿದರು. “ಮನೆಗೆ ಬಂದು ಕರೆದಿದ್ದಾನೆ. ನಿನ್ನ ಮನೆ ಬಿಟ್ಟು ಹೋಗ್ಲಿಲ್ಲ ಅವ. ಸೈನ್ ಹಾಕು.”

ಹಾಗಲಕಾಯಿಯ ಹಲ್ವ ತಿಂದವನ ಮುಖ ಮಾಡಿಕೊಂಡು ಬಾವ ನೂರನೆಯ ಸಹಿ ಹಾಕಿದ. ಭವನ ಚಪ್ಪಾಳೆಯಿಂದ ತುಂಬಿತು. ಒಂದು ಕುಕ್ಕರಿನ ಮುಚ್ಚಳವೂ ಬಿತ್ತು.

“ಊರಿನ ಅಭಿಪ್ರಾಯ ಏನು ಅಂತ ಬರೆದುಕೊಳ್ಳಲಿ?” ಅಧಿಕಾರಿಣಿ ಕೇಳಿದರು.

ಗೆದ್ದ ಹುರುಪಿನಲ್ಲಿ ಹಮೀದನಿಗೆ ಮೈಮರೆಯಿತು. “ಬರೀರಿ ಮೇಡಂ! ಈ ಊರಿನ ನೆಲದಿಂದ ಒಂದೇ ಒಂದು ಕಲ್ಲು ತೆಗೆಯುದಿದ್ರೂ, ಯಾರೇ ಆಗ್ಲಿ, ಎಲ್ಲಿಯೇ ಆಗ್ಲಿ, ನೂರು ಜನ ಕೂತು ಒಪ್ಪಬೇಕು!”

ಎಲ್ಲರೂ ಕೈ ಎತ್ತಿದರು. ಬಾವನೂ ಎತ್ತಿದ. ಕೈ ಎತ್ತಿಕೊಂಡೇ ಎದ್ದು ನಿಂತ.

“ಸರ್ಕಾರ ಯಾವಾಗ ಕಾನೂನು ಮಾಡ್ತದೋ ಗೊತ್ತಿಲ್ಲ. ನಾವು ಇವತ್ತಿನಿಂದಲೇ ನಡೆಸುವ. ನನ್ನ ಮಿಷನ್ ಈಗಲೇ ನಿಲ್ಲಿಸ್ತೇನೆ, ಉಮ್ಮನ ಎದುರು ಹೇಳುದು.” ಅವನು ಫೋನು ತೆಗೆದು ಎರಡು ಮಾತಾಡಿದ. ಗುಡ್ಡೆಯ ಕಡೆಯಿಂದ ಐದು ತಿಂಗಳಿನಿಂದ ಕೇಳಿಬರುತ್ತಿದ್ದ ಗರಗರ ಸದ್ದು ನಿಂತಿತು. ಎಲ್ಲೋ ಒಂದು ಹಕ್ಕಿ ಕೂಗಿದ್ದು ಭವನದೊಳಗೆ ಕೇಳಿಸಿತು. ಹಮೀದನ ಎದೆಯಿಂದ ಒಂದು ದೊಡ್ಡ ಭಾರ ಇಳಿಯಿತು.

“ಆದ್ರೆ ಹಮೀದಾಕ,” ಬಾವ ಮುಂದುವರಿಸಿದ, “ಸೋಮವಾರ ನಿಮ್ಮ ಹಿತ್ತಿಲಿನಲ್ಲಿ ಇನ್ನೂರು ಕಲ್ಲು ಕಡಿಸ್ಲಿಕ್ಕೆ ಉಂಟಲ್ಲ, ಕಡಿಯುವವ ನನ್ನ ಹತ್ರ ಹೇಳಿದ. ಅದಕ್ಕೆ ನೂರು ಜನ ಯಾವಾಗ ಕರೀತೀರಿ?”

ಹಮೀದ್ ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನಶೀದಾಳ ಕಡೆ ನೋಡಿದ. ಅವಳು ಚಾವಣಿಯ ಕಡೆ ನೋಡುತ್ತಿದ್ದಳು.

“ಮುಂದಿನ ಸಭೆ ಆರು ತಿಂಗಳ ನಂತರ,” ಎಂದು ಅಧಿಕಾರಿಣಿ ಪುಸ್ತಕ ಮುಚ್ಚಿದರು.

“ನಾನು ಬರ್ತೇನೆ,” ಎಂದರು ಗೋದಾವರಿಯಮ್ಮ ಗಡಿಯಾರ ಎತ್ತಿಕೊಳ್ಳುತ್ತ. “ಆದ್ರೆ ಆ ಸಲ ಊಟ ಉಂಟಾ ಇಲ್ವಾ ಅಂತ ಜಗಲಿಯಲ್ಲೇ ಹೇಳ್ಬೇಕು.”

ಡಿನ್ನರ್ ಸೆಟ್ಟುಗಳು, ಕುಕ್ಕರುಗಳು ಬಂದ ದಾರಿಯಲ್ಲೇ ಮನೆಗೆ ಮರಳಿದವು. ನಶೀದಾ ಮೆಟ್ಟಿಲಿನಲ್ಲಿ ಹಮೀದನ ಪಕ್ಕ ಕುಳಿತಳು. “ಗೋಡೆ ಇನ್ನು ಆರು ತಿಂಗಳು ಸೊಂಟದಲ್ಲೇ,” ಎಂದಳು. ಸೆರಗಿನಿಂದ ಬೆವರು ಒರೆಸಿಕೊಂಡು, “ನೀರು ತಿಳಿಯಾಗ್ಲಿ, ಅಷ್ಟು ಸಾಕು,” ಎಂದಳು.

ಆಗ ಆಯಿಶಮ್ಮ ಕಾರಿನಿಂದ ಮತ್ತೆ ಇಳಿದು ಬಂದರು. ಸೆರಗಿನಡಿಯಿಂದ ಒಂದು ಟಿಫಿನ್ ಕ್ಯಾರಿಯರ್ ತೆಗೆದು ಇಬ್ಬರ ನಡುವೆ ಇಟ್ಟರು. ಇನ್ನೂ ಬಿಸಿಯಿದ್ದ ಅಕ್ಕಿರೊಟ್ಟಿ, ಕೋಳಿ ಸಾರು, ಮೇಲಿನ ಡಬ್ಬಿಯಲ್ಲಿ ಸೋಸಿಟ್ಟ ತಿಳಿನೀರು. ಹಮೀದನಿಗೆ ಮಾತು ಹೊರಡುವ ಮೊದಲೇ, ರೊಟ್ಟಿ ತಣಿಯುತ್ತದೆ ಎನ್ನುವಂತೆ ಕೈಸನ್ನೆ ಮಾಡಿ ಅವರು ಮೆಲ್ಲನೆ ಕಾರಿನ ಕಡೆ ನಡೆದರು.