ದಿಟ್ಟಿಸಿದರೆ ಹೊಸಬ

ನನ್ನ ಹೆಂಡತಿ ಮೌನೇಶ್ವರಿ ಎದುರುಮನೆಯ ಸುನೀಲಕುಮಾರನನ್ನು ನೋಡುತ್ತಾಳೆ. ಇದೇ ನನ್ನ ದೂರು. ಅವನದು ಸುರಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೂದಲಿಗೂ ಬಣ್ಣ, ಗಾಡಿಗೂ ಬಣ್ಣ. ನನ್ನದು ದಿನಗೂಲಿ, ಬಣ್ಣವೆಂದರೆ ಬಿಸಿಲು ಬಳಿದದ್ದು.

ಈ ಹೊಟ್ಟೆಯುರಿಗೆ ಮದ್ದು ಸಿಕ್ಕಿದ್ದು ಗುಡ್ಡದ ಮೇಲೆ. ಮಂಗಗಳ ಮೆದುಳಿನ ಅಭ್ಯಾಸಕ್ಕೆ ಬಂದ ಮೇಡಂ ಒಬ್ಬರು ನನ್ನನ್ನು ಕೂಲಿಗೆ ಹಿಡಿದಿದ್ದರು. ಮುಖಗಳ ಫೋಟೊ ಎತ್ತಿ ಹಿಡಿಯುವುದು ನನ್ನ ಕೆಲಸ. ಮಂಗ ಎಷ್ಟು ಹೊತ್ತು ನೋಡಿತೆಂದು ಅಳೆಯುವುದು ಅವರ ಕೆಲಸ. (ಅವರದಕ್ಕೆ ಸಂಶೋಧನೆ ಎನ್ನುತ್ತಾರೆ, ನನ್ನದಕ್ಕೆ ಕೈನೋವು.)

"ಕಣ್ಣು ಕಂಡದ್ದು ಹಿಂದಲೆಗೆ ಹೋಗಿ, ಅಲ್ಲಿಂದ ಕಿವಿಯ ಪಕ್ಕದ ಓಣಿಗೆ ಬರುತ್ತದೆ. ಮುಖ ಗುರುತಿಸುವುದು ಅಲ್ಲಿ. ಒಳಗಡೆ ನೆನಪಿನ ಉಗ್ರಾಣ," ಎಂದರು ಮೇಡಂ. "ಉಗ್ರಾಣದಲ್ಲಿರುವ ಮುಖವಾದರೆ ಮಂಗ ಒಮ್ಮೆ ನೋಡಿ ಅತ್ತ ತಿರುಗುತ್ತದೆ. ಹೊಸದಾದರೆ ದಿಟ್ಟಿಸುತ್ತಲೇ ಇರುತ್ತದೆ."

"ಮನುಷ್ಯಾರದೂ ಹಿಂಗ ಏನ್ರಿ?"

"ಬಹಳಮಟ್ಟಿಗೆ."

'ಬಹಳಮಟ್ಟಿಗೆ'ಯನ್ನು ಗುಡ್ಡದಲ್ಲೇ ಬಿಟ್ಟು ಉಳಿದ ಶಾಸ್ತ್ರವನ್ನು ಮನೆಗೆ ತಂದೆ. ರೊಟ್ಟಿ ಬಡಿಯುತ್ತಿದ್ದ ಮೌನೇಶ್ವರಿ ನನ್ನತ್ತ ಅರೆಗಣ್ಣು ಹಾಯಿಸಿ ಹಿಟ್ಟಿಗೆ ತಿರುಗಿದಳು. ಆಹಾ! ನಾನು ಉಗ್ರಾಣದ ಕಾಯಂ ನಿವಾಸಿ! ಅವಳು ದಿಟ್ಟಿಸುವ ಸುನೀಲಕುಮಾರ ಬರೀ ಪರದೇಶಿ! ಔದಾರ್ಯ ಉಕ್ಕಿ ಅವನನ್ನೇ ಚಹಾಕ್ಕೆ ಕರೆದೆ.

ಬಂದ, ಕೂತ. ಮೌನೇಶ್ವರಿ ಕಪ್ಪು-ಬಸಿ ಇಟ್ಟು, ಅವನ ಮುಖವನ್ನೂ ನೋಡದೆ ಒಳಗೆ ಹೋದಳು.

ನಾನು ಶಾಸ್ತ್ರ ಹಚ್ಚಿ ನೋಡಿದೆ. ನೋಡಲೇ ಇಲ್ಲವೆಂದರೆ, ಇವನು ಉಗ್ರಾಣದಲ್ಲಿ ನನಗಿಂತ ಹಳೆಯ ಮೂಟೆ!

ಅವನು ಹೊಸ್ತಿಲು ದಾಟಿದ್ದೇ ತಡ, "ಅವನ ಮಾರಿ ಯಾಕ ನೋಡ್ಲಿಲ್ಲ?" ಎಂದೆ.

"ನೋಡಿದ್ರ ಯಾಕ ನೋಡ್ದಿ ಅಂತೀರಿ, ನೋಡದಿದ್ರ ಯಾಕ ನೋಡ್ಲಿಲ್ಲ ಅಂತೀರಿ. ನನ್ನ ಕಣ್ಣು ಎಲ್ಲಿಡ್ಲಿ, ಹಿಟ್ಟಿನ ಡಬ್ಬ್ಯಾಗ?"

ನಾನು ಶಾಸ್ತ್ರ ಬಿಡಿಸಿ ಹೇಳಿದೆ. ಅವಳಿಗೆ ಅರ್ಥವಾಗುವಂತೆ ಹೇಳಿದ್ದೇ ತಪ್ಪಾಯಿತು.

"ಅಂದ್ರ ನೀವು ಬಂದು ಬಂದಂಗ ನನ್ನ ಮಾರೀನ ಪೊಲೀಸರಂಗ ನೋಡ್ತೀರಲ್ಲ, ನಾ ನಿಮಗ ಹೊಸಾಕೇನು?"

"ಅದು ಬ್ಯಾರೆ..."

"ಮೂಲಿಮನಿ ಸೌಭಾಗ್ಯ ಎದುರು ಬಂದ್ರ ತಲಿ ತಗ್ಗಿಸ್ಕೊಂಡು ಹೋಗ್ತೀರಿ. ಆಕಿ ಯಾವಾಗಿಂದ ಅದಾಳ ಉಗ್ರಾಣದಾಗ?"

"ಮರ್ಯಾದಿಗೆ ನೋಡಂಗಿಲ್ಲ!"

"ನಾನೂ ಮರ್ಯಾದಿಗೇ ನೋಡ್ಲಿಲ್ಲ. ನಿಮ್ಮ ಶಾಸ್ತ್ರ ಒಪ್ಪಿತೇನು? ಮುಂಜಾನಿ ಆಕಿ ನೀರಿಗೆ ಬರ್ತಾಳ. ನನ್ನ ಮುಂದ ಆಕಿ ಮಾರಿ ನೋಡ್ರಿ. ಲಗೂನ ತಿರುಗಿದ್ರೋ, ನಾ ತವರಿಗೆ ಹೊಂಟೆ!"

ಬೆಳಗಾಯಿತು. ನಳದ ಮುಂದೆ ಸೌಭಾಗ್ಯ, ಬಾಗಿಲಲ್ಲಿ ಮೌನೇಶ್ವರಿ. ಸಂಸಾರ ಉಳಿಸಿಕೊಳ್ಳಲು ಕಣ್ಣು ಮಿಟುಕಿಸದೆ ನೋಡಿದೆ. ನೀರು ಸುರಿದರೂ ನೋಡಿದೆ (ನಳದ್ದಲ್ಲ, ಕಣ್ಣಿನದು).

"ಯಾಕಣ್ಣಾ, ಏನಾಗೇತಿ ನಿನಗ?" ಎಂದಳು ಸೌಭಾಗ್ಯ, ಹೆದರಿ.

ಕೇಳಿಸಿಕೊಂಡು ಹೊರಬಂದವನು ಅವಳ ಗಂಡ ಅಂಬ್ರಪ್ಪ. ಕೈಗೊಂದು ಟಗರು ಎತ್ತಬಲ್ಲ ಆಡಿನ ವ್ಯಾಪಾರಿ.

"ಏನ್ ನೋಡಾಕತ್ತಿ ಲೇ?"

"ನೋಡದಿದ್ರ ತಪ್ಪಾಗ್ತದ್ರಿ ಮಾವಾ!"

ಅಂಬ್ರಪ್ಪನಿಗೆ ಶಾಸ್ತ್ರದ ಪರಿಚಯವಿರಲಿಲ್ಲ.

ಬಾತ ಕಣ್ಣಿಗೆ ಹಸಿ ಬಟ್ಟೆ ಒತ್ತುತ್ತ ಮೌನೇಶ್ವರಿ ಬಹುದಿನಗಳ ಮೇಲೆ ಮೆತ್ತಗೆ ಮಾತಾಡಿದಳು: "ಭಾಳ ಹೊತ್ತು ನೋಡಿದ್ರಿ. ಆಕಿ ಹೊಸಾಕಿನ, ಖರೆ."

ನಾನು ನರಳುತ್ತಲೇ ಕೇಳಿದೆ: "ಮತ್ತ ಸುನೀಲಕುಮಾರ?"

ಅವಳು ಬಟ್ಟೆಯನ್ನು ನನ್ನ ಇನ್ನೊಂದು ಕಣ್ಣಿನ ಮೇಲೂ ಎಳೆದಳು.