ಅಕ್ಕನ ಗೋಡೆಗೆ ನಾನು ಹೊಡೆದ ಸುಣ್ಣ

ಈ ಸಂಗತಿ ಬರೆಯಬೇಕೆಂದು ಕುಳಿತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಮಂಡಿನೋವು, ಒಮ್ಮೆ ಕನ್ನಡಕ ಕಾಣೆ. ಕನ್ನಡಕ ಮೂಗಿನ ಮೇಲೆಯೇ ಇದೆಯೆಂದು ಹೆಂಡತಿ ಹೇಳಿದ ಮೇಲೆ ನೆಪಗಳು ಮುಗಿದವು.

ಎಪ್ಪತ್ತರ ದಶಕದ ಕೊನೆ. ಜೆಪ್ಪುವಿನ ನಮ್ಮ ಮನೆಯಲ್ಲಿ ನಾನು, ಹೆಂಡತಿ ಮತ್ತು ಅಕ್ಕ. ನನಗೆ ಬಂದರಿನಲ್ಲಿ ಮೀನಿನ ವ್ಯಾಪಾರ. ಅಕ್ಕನಿಗೆ ಬರೆಯುವ ಹುಚ್ಚು. ಆ ಗಾಳಿ ಬೀಸಿತೆಂದರೆ ಊಟವಿಲ್ಲ, ಮಾತಿಲ್ಲ. ಒಲೆಯ ಮೇಲಿನ ಬಂಗುಡೆ ಮೀನಿನ ಸಾರು ಇದ್ದಿಲಾಗುತ್ತಿತ್ತು. ಅಕ್ಕ ಬರೆಯುತ್ತಿದ್ದುದೂ ಇದ್ದಿಲಿನಲ್ಲೇ! ಅದೂ ಒಳಕೋಣೆಯ ಗೋಡೆಯ ಮೇಲೆ. "ಕಾಗದದಲ್ಲಿ ನನಗೆ ಸುಳ್ಳು ಬರ್ತದೆ" ಎನ್ನುತ್ತಿದ್ದಳು. ಚೆನ್ನಾಗಿ ಬಂದದ್ದನ್ನು ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದಳು. ಅಮ್ಮ ತೀರಿಕೊಂಡಾಗ ಬರೆದ ಸಾಲುಗಳನ್ನು ಮಾತ್ರ ಇಳಿಸಿರಲಿಲ್ಲ. ಅವು ಗೋಡೆಯಲ್ಲೇ ಉಳಿದಿದ್ದವು.

ಅಕ್ಕನ ಒಂದು ಕಾದಂಬರಿ ತುಳು ಸಿನಿಮಾ ಆಗುವುದೆಂದು ನಿಶ್ಚಯವಾಯಿತು. ಕಥೆಯಲ್ಲಿ ಒಬ್ಬ ಬರೆಯುವ ಹೆಂಗಸು, ಅವಳನ್ನು ಸಹಿಸುವ ಮನೆಯವರು, ಅಂದರೆ ನಾವೇ! ಶೂಟಿಂಗ್ ನಮ್ಮ ಮನೆಯಲ್ಲೇ. ನಿರ್ದೇಶಕರು ಮನೆ ನೋಡಲು ಬಂದಾಗ ನಾನು ಸೋಡಾ ತರಲು ಹೋಗಿದ್ದೆ; ಒಳಗೆ ಏನು ಮಾತಾಯಿತೋ ಕೇಳಲಿಲ್ಲ. ಹೊರಡುವಾಗ ಅವರು ನನಗೆ ಹೇಳಿದ್ದು ಇಷ್ಟೇ: "ನೀವು ಎಂತದೂ ಮಾಡ್ಬೇಡಿ. ಎಲ್ಲ ಹೀಗೇ ಇರಲಿ."

ನಮ್ಮ ಕಡೆ ನೆಂಟರು 'ಎಂತದೂ ಬೇಡ' ಎಂದರೆ ಎರಡು ಸಲ ಬಡಿಸಬೇಕೆಂದು ಅರ್ಥ. ಆ ಮಾತನ್ನು ನಂಬಿ ಸುಮ್ಮನೆ ಕುಳಿತ ಮನೆಯ ಹೆಸರು ಕುಲಶೇಖರದವರೆಗೂ ಕೆಡುತ್ತದೆ. ಹಾಗಾಗಿ ನಿರ್ದೇಶಕರ ಗೂಢಾರ್ಥವನ್ನು ನಾನು ಕೂಡಲೇ ಗ್ರಹಿಸಿದೆ. ಮನೆಗೆ ಸುಣ್ಣ ಹೊಡೆಯಬೇಕು!

ಅಕ್ಕ ಕಾಟಿಪಳ್ಳದ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಹೆಂಡತಿ ಹೇಳಿದಳು: "ಆ ಒಳಕೋಣೆ ಬಿಡಿ ಮಾರಾಯ್ರೆ. ಅಕ್ಕ ಬರಲಿ, ಒಂದು ಮಾತು ಕೇಳುವ."

"ನಿನಗೆ ಸಿನಿಮಾದ್ದು ಎಂತ ಗೊತ್ತುಂಟು? ಎಸ್ಸೆಸ್ಸೆಲ್ಸಿ ಪಾಸಾದದ್ದು ನಾನಾ, ನೀನಾ?"

"ನೀವೇ. ಎರಡನೇ ಸಲ."

ಬ್ರಷ್ ನಾನೇ ಹಿಡಿದೆ. ಮೊದಲ ಸಲ ಹೊಡೆದಾಗ ಅಕ್ಷರಗಳು ಇಣುಕಿದವು. ಇನ್ನೊಂದು ಸಲ ಹೊಡೆದೆ. ಆಗಲೂ ಇಣುಕಿದವು, ಅಕ್ಕನಂತೆಯೇ ಹಠಮಾರಿಗಳು! ಕೊನೆಗೆ ನೀಲಿ ಬೆರೆಸಿ ಹೊಡೆದೆ. ಗೋಡೆ ಮದುಮಗನ ಅಂಗಿಯಂತೆ ಹೊಳೆಯಿತು.

ಶೂಟಿಂಗ್ ದಿನ ನಿರ್ದೇಶಕರು ಒಳಕೋಣೆಗೆ ನುಗ್ಗಿದರು. "ಗೋಡೆ ಎಲ್ಲಿ?"

"ಇದೇ ಅಲ್ವಾ ಸಾರ್!"

ಅವರು ನೆಲದ ಮೇಲೆ ಕುಳಿತರು. "ಎಂತದೂ ಮಾಡ್ಬೇಡಿ ಅಂತ ಹೇಳಿದ್ದೆ."

"ಅದು ನಿಮ್ಮ ದೊಡ್ಡಗುಣ ಸಾರ್!"

ಸಿನಿಮಾದ ಕೊನೆಯ ದೃಶ್ಯಕ್ಕೆ ಅವರಿಗೆ ಬೇಕಾಗಿದ್ದುದು ಅಮ್ಮ ತೀರಿಕೊಂಡಾಗ ಅಕ್ಕ ಬರೆದ ಆ ಸಾಲುಗಳೇ ಎಂದು ಗೊತ್ತಾದದ್ದು ಆಗ. ಅಷ್ಟರಲ್ಲಿ ಅಕ್ಕ ಬಂದಳು. ಗೋಡೆ ಮುಟ್ಟಿದಳು. ಅಂಗೈ ಬಿಳಿಯಾಯಿತು.

"ನೆನಪುಂಟಲ್ಲ ಅಕ್ಕ? ಪುನಃ ಬರಿ. ಈಗ ಜಾಗವೂ ಬೇಕಾದಷ್ಟುಂಟು!" ಎಂದೆ.

"ನೆನಪಲ್ಲಿ ಇಡ್ಲಿಕ್ಕೆ ಆಗ್ತಿದ್ದರೆ ಗೋಡೆಗೆ ಯಾಕೆ ಬರೀತಿದ್ದೆ ಮಾರಾಯ?"

ತಪ್ಪು ತಿದ್ದಲು ನಾನೇ ಇದ್ದಿಲು ಹಿಡಿದೆ. ನನ್ನ ಅಕ್ಷರ ಮುತ್ತಿನಂಥದ್ದು. ಬರೆಯಲು ವಿಷಯ ಮಾತ್ರ ಇರಲಿಲ್ಲ. ನಿರ್ದೇಶಕರು ಹತ್ತಿರ ಬಂದು ಓದಿದರು: "ಬಂಗುಡೆ, ಬೂತಾಯಿ, ಅಂಜಲ್..."

"ದೂರದಿಂದ ಗೊತ್ತಾಗುದಿಲ್ಲ ಸಾರ್!"

ಅದಕ್ಕೂ ಸುಣ್ಣ ಬಿತ್ತು.

ಕೊನೆಗೆ ನಾಯಕಿಯನ್ನು ಖಾಲಿ ಗೋಡೆಯ ಮುಂದೆಯೇ ನಿಲ್ಲಿಸಿ ಚಿತ್ರ ಮುಗಿಸಿದರು. ಸಿನಿಮಾ ಬಿಡುಗಡೆಯ ದಿನ ಥಿಯೇಟರ್‌ನಲ್ಲಿ ಜನ ಕಣ್ಣೊರೆಸಿಕೊಂಡರು. ಆಟ ಮುಗಿದ ಮೇಲೆ ಅಕ್ಕನಿಗೆ ವೇದಿಕೆಯಲ್ಲಿ ಸನ್ಮಾನ. "ಎಲ್ಲ ಅಳಿಸಿಹೋದ ಬಿಳಿ ಗೋಡೆ! ಎಂಥ ಕಲ್ಪನೆ!" ಎಂದು ಅತಿಥಿಯೊಬ್ಬರು ಹೊಗಳಿದರು.

ಅಕ್ಕ ಮೈಕ್ ಹಿಡಿದಳು. "ಅದು ನನ್ನದಲ್ಲ. ನನ್ನ ತಮ್ಮನದ್ದು. ಬಾ ಮಾರಾಯ, ಎರಡು ಮಾತು ಹೇಳು."

ವೇದಿಕೆ ಹತ್ತಿದೆ. ಚಪ್ಪಾಳೆ ಬಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತ ಮೈಕ್ ಚಾಚಿದಳು. ಹೇಳಬೇಕಾದ ಮಾತು ಒಂದೇ ಇತ್ತು. ನಾನು ಸಭೆಯ ಕಡೆ ತಿರುಗಿ ಗಂಭೀರವಾಗಿ ಕೈಮುಗಿದು, "ಎಲ್ಲ ನಿಮ್ಮ ಆಶೀರ್ವಾದ" ಎಂದು ಇಳಿದುಬಂದೆ!

ಅವಳು ತೀರಿಹೋಗಿ ವರ್ಷಗಳಾದವು. ಅಂದು ನಾನು ಕೈಮುಗಿದದ್ದು ಸಭೆಗೆ. ತಪ್ಪಾಯಿತೆಂದು ಕೈಮುಗಿಯಬೇಕಾಗಿದ್ದುದು ಪಕ್ಕದಲ್ಲಿ ಮೈಕ್ ಹಿಡಿದು ಕಾಯುತ್ತಿದ್ದ ಗಿರಿಜಕ್ಕನಿಗೆ.