ಅತ್ತೆಯ ಫ್ಲಾಪಿ

ನಾನು ಕಂಪ್ಯೂಟರ್ ಟೀಚರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನೀವು ನಂಬಲಾರಿರಿ. ಬಿ.ಸಿ.ಎ. ಮಾಡಿದ್ದೇನೆ. ನ್ಯಾಮತಿಯ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದಿಂದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಯಾರ ಮೊಬೈಲ್ ಹ್ಯಾಂಗ್ ಆದರೂ ರುದ್ರಾಣಿ ಮೇಡಂ ಹತ್ತಿರ ಒಯ್ಯಿರಿ ಅನ್ನುತ್ತಾರೆ. ಇಂಥ ನನ್ನ ವಿದ್ವತ್ತಿಗೆ ಗ್ರಹಣ ಹಿಡಿದದ್ದು ನನ್ನ ಅತ್ತೆ ಬಂಗಾರಮ್ಮನವರ ಬಲಗೈಯಿಂದ.

ಅತ್ತೆ ಹೊನ್ನಾಳಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಈ ಬೇಸಿಗೆಯಲ್ಲಿ ಅಟ್ಟದ ಮೇಲಿನ ಹುಣಸೆಹಣ್ಣಿನ ಡಬ್ಬಿ ಇಳಿಸಲು ಸ್ಟೂಲು ಹತ್ತಿ, ಬಿದ್ದು, ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, ಬೆರಳು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಹೀಗೇ ಸೆಟೆದುಕೊಂಡು ನಿಂತುಬಿಡುತ್ತವೆ ಎಂದು ಎಚ್ಚರಿಸಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಒಂದೇ ಸಲ ಹಿಸುಕಿ, ನೋವಿಗೆ ಮುಖ ಕಿವುಚಿ, ತಾನೇನು ಕೂಸೇ ಎಂದು ಕಿಟಕಿಯ ಮೇಲಿಟ್ಟರು. ನಿಮಿಷಕ್ಕೆ ಅರವತ್ತು ಪದ ಕುಟ್ಟುತ್ತಿದ್ದ ಬೆರಳುಗಳಿಗೆ ಈಗ ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಅದನ್ನು ನೋಡಿ ನನಗೂ ಅನ್ನ ಇಳಿಯುತ್ತಿರಲಿಲ್ಲ (ಇದನ್ನು ಅವರ ಮುಂದೆ ಹೇಳಿಲ್ಲ, ಹೇಳುವುದೂ ಇಲ್ಲ).

ಒಂದು ದಿನ ಅವರ ಜೊತೆ ಕೆಲಸ ಮಾಡಿದ್ದ ಭೀಮಕ್ಕ ಹೊನ್ನಾಳಿಯಿಂದ ಫೋನ್ ಮಾಡಿ ಕ್ಷೇಮ ಸಮಾಚಾರ ಕೇಳಿದರು. ಫೋನ್ ಇಟ್ಟ ಅತ್ತೆ ಸೀದಾ ಹೋಗಿ ಬೀರು ತೆಗೆದು, ರೇಷ್ಮೆ ಸೀರೆಗಳ ಮಡಿಕೆಯಿಂದ ಒಂದು ಕಪ್ಪು ಫ್ಲಾಪಿ ಹೊರತೆಗೆದು ನನ್ನ ಮುಂದಿಟ್ಟರು.

"ಇದರಾಗೆ ಮೊಟ್ಟೆ ಆಟ ಐತೆ. ಹಾಕಿಕೊಡು. ಬೆರಳು ಆಡಿಸ್ತೀನಿ."

ಮೊಟ್ಟೆ ಆಟ ಎಂಬುದು ಡಾಸ್ ಕಾಲದ್ದು, ಅಂದರೆ ಮೌಸಿಲ್ಲದೆ ಆಜ್ಞೆಗಳನ್ನು ಟೈಪ್ ಮಾಡಿಯೇ ಕಂಪ್ಯೂಟರ್ ನಡೆಸುತ್ತಿದ್ದ ಕಾಲದ್ದು. ಮೇಲೆ ಸಾಲಾಗಿ ಕೂತ ಕೋಳಿಗಳು ಮೊಟ್ಟೆ ಉದುರಿಸುತ್ತವೆ. ಕೆಳಗೆ ಬುಟ್ಟಿ ಹೊತ್ತ ಒಬ್ಬನನ್ನು ಅತ್ತಿತ್ತ ಓಡಿಸಿ ಹಿಡಿಯಬೇಕು. ಹಿಡಿದ ಮೊಟ್ಟೆಗೆ ಹತ್ತು ಅಂಕ, ಮೂರು ಒಡೆದರೆ ಆಟ ಮುಗಿಯಿತು. ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಊಟದ ಬಿಡುವಿನಲ್ಲಿ ಎಲ್ಲರೂ ಆಡುತ್ತಿದ್ದರಂತೆ (ಊಟದ ಬಿಡುವು ಎಂಬುದನ್ನು ಅತ್ತೆ ಮೂರು ಸಲ ಒತ್ತಿ ಹೇಳಿದರು). ಎಲ್ಲರಿಗಿಂತ ಹೆಚ್ಚು ಅಂಕ ಭೀಮಕ್ಕನದು. ಆ ಅಂಕ ಇವತ್ತಿಗೂ ಫ್ಲಾಪಿಯೊಳಗೆ ಸಿಂಹಾಸನಾರೂಢವಾಗಿದೆ. ಅವತ್ತು ಫೋನಿನಲ್ಲಿ ಭೀಮಕ್ಕ, ಇನ್ನು ನಿನ್ನ ಕೈಲಿ ಅದನ್ನ ಮುರಿಯಾಕೆ ಆಗಲ್ಲ ಬಿಡು ಅಂದರಂತೆ.

ನಾನು ಐದು ನಿಮಿಷದ ಕೆಲಸ ಎಂದೆ. ಹದಿನೇಳು ದಿನ ಹಿಡಿಯಿತು.

ನನ್ನ ಲ್ಯಾಪ್‌ಟಾಪಿಗೆ ಫ್ಲಾಪಿ ತೂರಿಸುವ ಬಾಯಿಯೇ ಇಲ್ಲ. ನಮ್ಮ ಯಜಮಾನರು, ಶರಣು, ಆನ್‌ಲೈನಿನಲ್ಲಿ ಫ್ಲಾಪಿ ಡ್ರೈವ್ ತರಿಸಿದರು. ಬರಲು ಎಂಟು ದಿನ. ಅದು ಗರಗರ ಎಂದು ಗಂಟಲು ಸರಿಮಾಡಿಕೊಂಡು ಫ್ಲಾಪಿ ಓದಿತು. ಆಟವನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ಕ್ಲಿಕ್ ಮಾಡಿದರೆ, ಈ ಆಟ ಈ ಕಂಪ್ಯೂಟರಿನಲ್ಲಿ ನಡೆಯದು ಎಂಬ ಉತ್ತರ ಬಂತು. ಡಬ್ಬದಂಥ ಹಳೇ ಮಿಷಿನ್ನಿನಲ್ಲಿ ನಡೆಯುತ್ತಿದ್ದದ್ದು ಇದರಲ್ಲಿ ನಡೆಯುವುದಿಲ್ಲವೆಂದರೆ ನಿನ್ನದೇ ಲಟಾರಿ ಇರಬೇಕು ಎಂದು ಅತ್ತೆ ತೀರ್ಪು ಕೊಟ್ಟರು.

ಹುಡುಕಿದಾಗ ಡಾಸ್‌ಬಾಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಹೊಸ ಕಂಪ್ಯೂಟರಿನ ಕೈಲಿ ಹಳೇ ಕಂಪ್ಯೂಟರಿನ ಪಾತ್ರ ಮಾಡಿಸುವುದು ಅದರ ಕೆಲಸ. ತೆರೆದೆ. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ ಮಿಣುಕುತ್ತಾ ನನ್ನ ಆಜ್ಞೆಗೆ ಕಾದು ನಿಂತಿತು. ಏನು ಆಜ್ಞೆ ಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಪಠ್ಯದಲ್ಲಿ ಡಾಸ್ ಪಾಠ ಒಂದಿದೆ, ನಿಜ. ಪರೀಕ್ಷೆಗೆ ಬರುವುದಿಲ್ಲವೆಂದು ಆರು ವರ್ಷದಿಂದ ಹಾರಿಸಿಕೊಂಡೇ ಬಂದಿದ್ದೇನೆ.

"ಡಿ ಐ ಆರ್ ಹೊಡಿ," ಎಂದರು ಅತ್ತೆ ಹಿಂದಿನಿಂದ. "ಎಂಟರ್ ಒತ್ತು. ಈಗ ಸಿ ಡಿ, ಸ್ಪೇಸ್ ಬಿಡು. ಬಿ.ಸಿ.ಎ.ನಾಗೆ ಏನು ಕಲಿಸಿದ್ರು ನಿಮಗೆ?"

ಅವರು ಹೇಳುತ್ತಾ ಹೋದರು, ಪದವೀಧರೆಯಾದ ನಾನು ಕುಟ್ಟುತ್ತಾ ಹೋದೆ. ಆಟ ತೆರೆಯಿತು. ವೇಗ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾನೇ ಅದನ್ನು ತುದಿಗೆ ಏರಿಸಿಟ್ಟಿದ್ದೆ. ಅತ್ತೆ ಬೆರಳು ಎತ್ತುವಷ್ಟರಲ್ಲಿ ಮೊಟ್ಟೆಗಳು ಆಲಿಕಲ್ಲಿನಂತೆ ಸುರಿದು ಆಟ ಮುಗಿದೇಹೋಯಿತು. ಇಳಿಸಿದೆ. ಮೊಟ್ಟೆಗಳು ನಡುದಾರಿಯಲ್ಲಿ ತೂಗಾಡತೊಡಗಿದವು. ಅಲ್ಲಿಂದ ಒಂದು ವಾರ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಕೀಬೋರ್ಡು, ನನ್ನದು ಏರಿಸುವುದು ಇಳಿಸುವುದೇ ಆಯಿತು. ಪ್ರತಿ ಸಲವೂ ಅತ್ತೆ, ನಮ್ಮ ಆಫೀಸಿನಾಗೆ ಹಿಂಗಿರಲಿಲ್ಲ ಅನ್ನುತ್ತಿದ್ದರು. ಕಡೆಗೆ ಭೀಮಕ್ಕನಿಗೇ ಫೋನ್ ಹಚ್ಚಿ ಮೊಟ್ಟೆ ಒಡೆಯುವ ಕುಂಯ್ ಸದ್ದು ಕೇಳಿಸಿದೆವು. ಆ ಕಡೆಯಿಂದ ಅವರು, ಹೂಂ, ಇದೇ ಅಂದರು. ಆಫೀಸಿನ ವೇಗ ಅಂತೂ ನಿರ್ಧಾರವಾಯಿತು.

ಅತ್ತೆ ಆಡಲು ಕೂತರು. ಮೊದಲೆರಡು ದಿನ ನೋವಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಕೀಲಿ ಬಿಡಲಿಲ್ಲ. ಮೂರನೇ ವಾರ ಮಧ್ಯಾಹ್ನ ತಟ್ಟೆ ಎಳೆದುಕೊಂಡು, ಬಲಗೈಯಲ್ಲಿ ಮುದ್ದೆ ಮುರಿದು, ಸೊಪ್ಪಿನ ಸಾರಲ್ಲಿ ಅದ್ದಿ ನುಂಗಿದರು. ನಮ್ಮ ಕಡೆ ಮುಖ ಮಾಡಿಯೇ ಕೂತಿದ್ದರು. ಶರಣು ನೀರು ಕುಡಿಯುವ ನೆಪದಲ್ಲಿ ಎದ್ದುಹೋದರು. ನಾನು ಅತ್ತೆಗೆ ಇನ್ನೊಂದು ಮುದ್ದೆ ಹಾಕಿದೆ.

ಅದಾದ ಮೇಲೆ ಲ್ಯಾಪ್‌ಟಾಪ್ ನನ್ನದೆಂಬುದನ್ನು ಮನೆಯಲ್ಲಿ ಎಲ್ಲರೂ ಮರೆತರು. ಅಂಕಪಟ್ಟಿ ತಯಾರಿಸಲೂ ಅವರು ಸ್ನಾನಕ್ಕೆ ಹೋಗುವುದನ್ನು ಕಾಯಬೇಕಾಗಿತ್ತು.

ಆ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಅತ್ತೆ ಬೆಳಿಗ್ಗೆಯೇ ಆಟಕ್ಕೆ ಕೂತಿದ್ದರು. ಹೊತ್ತಾಗಿತ್ತು. ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸಿ, ಮುಚ್ಚಳ ಮುಚ್ಚಿ, ಎತ್ತಿಕೊಂಡು ಓಡಿದೆ. ಸಭೆಯಲ್ಲಿ ಹೆಡ್‌ಮಾಸ್ಟರು ನಮ್ಮ ಶಾಲೆಯ ಅತ್ಯಾಧುನಿಕ ಕಂಪ್ಯೂಟರ್ ಶಿಕ್ಷಣವನ್ನು ಹೊಗಳಿ, ಈಗ ರುದ್ರಾಣಿ ಮೇಡಂ ಮಕ್ಕಳ ಪ್ರಗತಿಯನ್ನು ಪರದೆಯ ಮೇಲೆ ತೋರಿಸುತ್ತಾರೆ ಎಂದರು. ನಾನು ಪ್ರೊಜೆಕ್ಟರ್ ವೈರು ಸಿಕ್ಕಿಸಿ ಮುಚ್ಚಳ ತೆರೆದೆ.

ಗೋಡೆಯಗಲ ಐದು ಕೋಳಿಗಳು ಪ್ರತ್ಯಕ್ಷವಾದವು.

ಗಾಬರಿಯಲ್ಲಿ ಯಾವುದೋ ಕೀಲಿ ಒತ್ತಿದೆ. ನಿಂತಿದ್ದ ಆಟ ಶುರುವಾಯಿತು. ಮೌಸಿನ ಬಾಣ ಎಲ್ಲೂ ಕಾಣಲಿಲ್ಲ. ಆಫ್ ಮಾಡೋಣವೆಂದರೆ ಆ ಕೋಳಿಗಳ ಹಿಂದೆ ಸೇವ್ ಮಾಡದ ಅಂಕಪಟ್ಟಿ ಇತ್ತು. ಮಕ್ಕಳಿಗೆ ಕಲಿಸುವ ಹತ್ತಾರು ಉಪಾಯಗಳಲ್ಲಿ ಒಂದೂ ನೆನಪಾಗಲಿಲ್ಲ. ಒಂದು ಮೊಟ್ಟೆ ಒಡೆಯಿತು. ಎರಡೂ ಕೈ ಕೀಬೋರ್ಡಿನ ಮೇಲೆ ಬೇಕಾಗಿದ್ದರಿಂದ ಮನೆಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟೆ. ಮೈಕು ಪಕ್ಕದಲ್ಲೇ ಇತ್ತು.

"ಇದನ್ನ ಮುಚ್ಚೋದು ಹೆಂಗ್ರಿ?"

"ಮುಚ್ಚಬ್ಯಾಡ," ಎಂದಿತು ಸಭಾಂಗಣದ ತುಂಬ ಅತ್ತೆಯ ದನಿ. "ಎಷ್ಟು ಐತೆ ನೋಡು."

"ಒಂಬತ್ತು ಸಾವಿರದ ಇನ್ನೂರು."

"ಭೀಮಕ್ಕಂದು ಒಂಬತ್ತು ಸಾವಿರದ ಮುನ್ನೂರ ನಲವತ್ತು. ಇನ್ನು ಹದಿನೈದು ಮೊಟ್ಟೆ ಹಿಡಿ, ಆಮೇಲೆ ಹೇಳ್ತೀನಿ."

ಬೇಡಿಕೊಂಡೆ. ಅತ್ತೆ ಜಗ್ಗಲಿಲ್ಲ. ಮೊಟ್ಟೆ ನೋಡಬೇಡ, ಯಾವ ಕೋಳಿ ಬಾಲ ಎತ್ತುತ್ತದೋ ಅದನ್ನು ನೋಡಿಕೊಂಡು ಮೊದಲೇ ಓಡು ಎಂದು ಪಾಠ ಮಾಡಿದರು. ಹಾಗೆ ಮಾಡಿದೆ, ಮೊಟ್ಟೆ ಬುಟ್ಟಿಗೆ ಸಿಕ್ಕಿತು. ಆರನೆಯ ಮೊಟ್ಟೆಯ ಹೊತ್ತಿಗೆ ಪೋಷಕರು ಎಣಿಸತೊಡಗಿದರು. ಹನ್ನೆರಡನೆಯದಕ್ಕೆ ಹೆಡ್‌ಮಾಸ್ಟರು, ಎಡಕ್ಕೆ ಮೇಡಂ, ಎಡಕ್ಕೆ ಎಂದರು. ಹದಿನೈದನೆಯದು ಬುಟ್ಟಿಗೆ ಬಿದ್ದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು.

"ಈಗ ಎಸ್ಕೇಪ್ ಒತ್ತು, ಆಮೇಲೆ ವೈ," ಎಂದರು ಅತ್ತೆ. "ಹೆಸರು ಕೇಳ್ತೈತೆ. ನಿಂದು ಹಾಕೀಯ ಮತ್ತೆ, ನಂದು ಹಾಕು. ಆದಮ್ಯಾಲೆ ಇ ಎಕ್ಸ್ ಐ ಟಿ."

ಬಂಗಾರಮ್ಮ ಎಂದು ಬರೆದೆ. ಕೋಳಿಗಳು ಹೋಗಿ ಅಂಕಪಟ್ಟಿ ಬಂತು. ಅದನ್ನು ಯಾರೂ ನೋಡಲಿಲ್ಲ.

ಸಭೆ ಮುಗಿದು ವೈರು ಸುತ್ತುತ್ತಿದ್ದಾಗ, ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಜುಂಜಪ್ಪನವರು ಹತ್ತಿರ ಬಂದು ಬಹಳ ಗೌರವದಿಂದ ಕೈ ಮುಗಿದರು. ಪಕ್ಕದಲ್ಲೇ ಹೆಡ್‌ಮಾಸ್ಟರು ನಿಂತಿದ್ದರು.

"ಮೇಡಂ, ಫೋನಿನಾಗೆ ನಿಮಗೆ ಹೇಳಿಕೊಟ್ರಲ್ಲ, ಆ ಟೀಚರ್ ಯಾವ ಸ್ಕೂಲಾಗೆ ಅದಾರ್ರೀ? ಬರೋ ವರ್ಷ ನಮ್ಮ ಹುಡುಗೀನ ಅಲ್ಲಿಗೇ ಸೇರಿಸಾಣ ಅಂತ."